ಕಾನಾನಿನ ಲಿಪಿಕಾರರ ಬೆರಕೆ ಭಾಷೆ

ಪ್ರಶ್ನೆ: ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಕಾನಾನಿನ (ಇಂದಿನ ಇಸ್ರೇಲ್, ಲೆಬನಾನ್ ಸುತ್ತಲಿನ ನಾಡಿನ) ಅರಸರು ಈಜಿಪ್ಟಿನ ದೊರೆಗೆ ಬರೆಸಿದ ಅಮರ್ನಾ ಪತ್ರಗಳು ಅಕ್ಕಾಡಿಯನ್ ಭಾಷೆಯಲ್ಲಿವೆ ಎಂದು ಒಂದೆಡೆ, ಯಾರೂ ಆಡದ ಬೆರಕೆ ಭಾಷೆಯಲ್ಲಿವೆ ಎಂದು ಇನ್ನೊಂದೆಡೆ ಓದಿದೆ. ಆ ಲಿಪಿಕಾರರಿಗೆ ಅಕ್ಕಾಡಿಯನ್ ಸರಿಯಾಗಿ ಬರುತ್ತಿರಲಿಲ್ಲವೇ?

ಉತ್ತರ: ಬಹುಕಾಲ ವಿದ್ವಾಂಸರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದರು. 1887ರಲ್ಲಿ ನೈಲ್ ನದಿಯ ಪೂರ್ವದಂಡೆಯ ತೆಲ್ ಎಲ್-ಅಮರ್ನಾದಲ್ಲಿ ಬೆಳಕಿಗೆ ಬಂದ ಮಣ್ಣಿನ ಫಲಕಗಳು, ಆಮೇಲೆ ದೊರೆತವೂ ಸೇರಿ, ಸುಮಾರು 380 ಇವೆ. ಮೆಸೊಪೊಟೇಮಿಯದ ಅಕ್ಕಾಡಿಯನ್ ಆಗ ಪಶ್ಚಿಮ ಏಷ್ಯಾದ ರಾಜತಾಂತ್ರಿಕ ವ್ಯವಹಾರದ ಭಾಷೆಯಾಗಿತ್ತು. ಬಾಬಿಲೋನಿನಿಂದ ಬಂದ ಪತ್ರಗಳಲ್ಲಿ ಅದು ಸಹಜವಾಗಿಯೇ ಇದೆ. ಬಿಬ್ಲೋಸ್, ಮೆಗಿದ್ದೊ ಮೊದಲಾದ ಕಾನಾನಿನ ಊರುಗಳ ಪತ್ರಗಳಲ್ಲಿ ಮಾತ್ರ ಶಬ್ದಗಳು ಅಕ್ಕಾಡಿಯನ್ನಿನವು, ವ್ಯಾಕರಣ ಬಹುಮಟ್ಟಿಗೆ ಊರಿನದು.

ಒಂದು ಕ್ರಿಯಾಪದವನ್ನೇ ನೋಡೋಣ. 'ನನಗೆ ಭಯವಾಗಿದೆ' ಎನ್ನಲು ಅಕ್ಕಾಡಿಯನ್ನಿನಲ್ಲಿ 'ಪಲ್ಹಾಕು' ಎನ್ನಬೇಕು, ಆದರೆ ಬಿಬ್ಲೋಸಿನ ಅರಸ ರಿಬ್-ಹದ್ದನ ಲಿಪಿಕಾರ ಬರೆಯುವುದು 'ಪಲ್ಹತಿ' ಎಂದು. ಧಾತು ಅಕ್ಕಾಡಿಯನ್, ಕೊನೆಯ 'ತಿ' ಕಾನಾನಿನ ಉತ್ತಮಪುರುಷ ಪ್ರತ್ಯಯ; ಹೀಬ್ರೂವಿನಲ್ಲಿ ಅದು ಇಂದಿಗೂ ಉಳಿದಿದೆ. ನಾವು ತಮಾಷೆಗೆ 'ಫೋನಾಯಿಸಿದೆ' ಎನ್ನುವಂಥ ರೂಪವಿದು, ಆದರೆ ಅವರದು ತಮಾಷೆಯಲ್ಲ, ಕಚೇರಿಯ ಭಾಷೆ. ಹಾಗೆಯೇ 'ರಾಜನು ಕೇಳಲಿ' ಎನ್ನಲು ಅಕ್ಕಾಡಿಯನ್ನಿನಲ್ಲಿ 'ಶರ್ರು ಲಿಶ್ಮೆ' ಎಂದು ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ಇವರಲ್ಲಿ 'ಯಿಶ್ಮಿ ಶರ್ರು' ಎಂದು ಅದು ಮೊದಲಿಗೆ ಬರುವುದಲ್ಲದೆ, ರೂಪವೂ ಕಾನಾನಿನದಾಗುತ್ತದೆ.

ಇವು ಬಾಯಿತಪ್ಪಿ ಬಂದ ರೂಪಗಳಾಗಿದ್ದರೆ ಒಂದೊಂದು ಸಲ ಒಂದೊಂದು ಬಗೆಯಲ್ಲಿರಬೇಕಿತ್ತು. ಬಿಬ್ಲೋಸಿನ ಪತ್ರಗಳಲ್ಲಿ ಭೂತಕಾಲಕ್ಕೆ ಒಂದು, ನಡೆಯುತ್ತಿರುವ ಅಥವಾ ಮುಂದಿನ ಕ್ರಿಯೆಗೆ ಇನ್ನೊಂದು, ಬಯಕೆಗೆ ಮತ್ತೊಂದು ಎಂದು ಕ್ರಿಯಾಪದದ ಕೊನೆಯ ಸ್ವರ ನಿಯಮಬದ್ಧವಾಗಿ ಬದಲಾಗುವುದನ್ನು ವಿಲಿಯಂ ಮೊರಾನ್ 1950ರಲ್ಲಿ ತೋರಿಸಿಕೊಟ್ಟ ಮೇಲೆ 'ಕೆಟ್ಟ ಅಕ್ಕಾಡಿಯನ್' ಎಂಬ ಮಾತಿಗೆ ಬೆಲೆ ಉಳಿಯಲಿಲ್ಲ. ಲಿಪಿಕಾರರು ಕಲಿತೇ ಹೀಗೆ ಬರೆಯುತ್ತಿದ್ದರು.

ಯಾರೂ ಆಡದ ಭಾಷೆಯೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಇದು ಬರೆಹಕ್ಕಾಗಿ ರೂಪುಗೊಂಡ ಬೆರಕೆ ಭಾಷೆ ಎನ್ನುವವರಿದ್ದಾರೆ. ಅಕ್ಕಾಡಿಯನ್ ಶಬ್ದಗಳು ಬರಿಯ ಗುರುತುಗಳು, ಓದುವಾಗ ಬಾಯಲ್ಲಿ ಬರುತ್ತಿದ್ದುದು ಕಾನಾನಿನ ಭಾಷೆಯೇ ಎಂದು ಈವಾ ಫಾನ್ ದಾಸೊ 2004ರಲ್ಲಿ ವಾದಿಸಿದರು. ರಿಬ್-ಹದ್ದ ಒಂದೆಡೆ ತಾನು ಬಲೆಯಲ್ಲಿ ಸಿಕ್ಕ ಹಕ್ಕಿಯಂತಾಗಿದ್ದೇನೆ ಎನ್ನುತ್ತಾನೆ. ಅಲ್ಲಿ ಲಿಪಿಕಾರ 'ಹುಹಾರಿ' ಎಂಬ ಅಕ್ಕಾಡಿಯನ್ ಪದ ಬರೆದು, ಓರೆಯಾದ ಒಂದು ಬೆಣೆಗುರುತು ಒತ್ತಿ, ಪಕ್ಕದಲ್ಲೇ 'ಕಿಲುಬಿ' ಎಂದು ಊರಿನ ಪದವನ್ನೂ ಕೊಟ್ಟಿದ್ದಾನೆ. ಎಲ್ಲವನ್ನೂ ಕಾನಾನಿನಲ್ಲೇ ಓದುತ್ತಿದ್ದರೆ ಈ ಒಂದು ಪದಕ್ಕೆ ಅರ್ಥ ಬರೆಯುವ ಅಗತ್ಯವೇನಿತ್ತು ಎಂಬುದು ನನ್ನ ಸಂದೇಹ, ಆದ್ದರಿಂದ ಬೆರಕೆ ಭಾಷೆಯ ವಾದದತ್ತಲೇ ನನ್ನ ಒಲವು.

ಫರೋ ಈ ಫಲಕಗಳನ್ನು ತಾನೇ ಓದುತ್ತಿರಲಿಲ್ಲ. ಜೆರುಸಲೇಮಿನ ಅಬ್ದಿ-ಹೆಬನ ಕೆಲವು ಪತ್ರಗಳ ಕೊನೆಯಲ್ಲಿ ರಾಜನ ಲಿಪಿಕಾರನನ್ನೇ ಉದ್ದೇಶಿಸಿದ ಸಾಲುಗಳಿವೆ: ನನ್ನ ಮಾತನ್ನು ರಾಜನಿಗೆ ಸೊಗಸಾಗಿ ನಿವೇದಿಸು ಎಂದು.