ಮೈಸೂರು ವಿಶ್ವವಿದ್ಯಾನಿಲಯ, ಮಾನಸಗಂಗೋತ್ರಿ ಎರಡೂ ಒಂದೇನಾ?

ಮಗಳಿಗೆ ಎಂ.ಎ. ಸೀಟು ಸಿಕ್ಕಿದೆ, ಒಬ್ಬರು ಕ್ರಾಫರ್ಡ್ ಹಾಲ್‌ಗೆ ಹೋಗಿ ಅಂತಾರೆ, ಇನ್ನೊಬ್ಬರು ಗಂಗೋತ್ರಿಗೆ ಅಂತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ ಸರ್, ಎರಡೂ ಒಂದೇ ವಿಶ್ವವಿದ್ಯಾನಿಲಯದವು: ಕ್ರಾಫರ್ಡ್ ಹಾಲ್ ಅದರ ಆಡಳಿತ ಕಚೇರಿ, ಗಂಗೋತ್ರಿ ಅಂದರೆ ಮಾನಸಗಂಗೋತ್ರಿ, ಎಂ.ಎ.ಯಂಥ ಸ್ನಾತಕೋತ್ತರ ತರಗತಿಗಳ ಕ್ಯಾಂಪಸ್. ನಾನು ಅಲ್ಲೇ ಎಂ.ಎ. ಓದಿದವನು. ಮೊದಲ ವಾರ ನನಗೂ ಇದೇ ಗೊಂದಲ.

ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಬ್ರಿಟಿಷರ ನೇರ ಆಳ್ವಿಕೆ ಇಲ್ಲದ ಜಾಗದಲ್ಲಿ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ ಇದು. ಆದರೆ ಆಗ ಈಗಿನಂಥ ಕ್ಯಾಂಪಸ್ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಹೀಗೆ ಎರಡು ಊರುಗಳಲ್ಲಿ ಪಾಠ ನಡೆಯುತ್ತಿತ್ತು. ಕನ್ನಡ ಎಂ.ಎ. ಶುರುವಾಗಿದ್ದೇ 1927ರಲ್ಲಿ. ಕನ್ನಡ ನಾಡಿನ ವಿಶ್ವವಿದ್ಯಾನಿಲಯಕ್ಕೆ ಅಷ್ಟು ವರ್ಷ ಬೇಕಾಯ್ತು ನೋಡಿ!

ಆ ಎಂ.ಎ.ಯ ಮೊದಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರು. ಅವರೇ 1956ರಲ್ಲಿ ಕುಲಪತಿಗಳಾದರು. ಸ್ನಾತಕೋತ್ತರ ವಿಭಾಗಗಳಿಗೆ ಒಂದೇ ಜಾಗ ಬೇಕೆಂದು ಕುಕ್ಕರಹಳ್ಳಿ ಕೆರೆಯ ಆಚೆ ಕ್ಯಾಂಪಸ್ ಮಾಡಿಸಿದರು. 1960ರಲ್ಲಿ ಶುರುವಾದ ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಗಂಗೆ ಹುಟ್ಟುವ ಜಾಗ ಗಂಗೋತ್ರಿ ಅಲ್ವಾ, ಇದು ಮನಸ್ಸಿನ ಗಂಗೋತ್ರಿ. ಊರಿನವರು ಮಾತ್ರ ಸುಮ್ನೆ 'ಗಂಗೋತ್ರಿ' ಅಂತಾರೆ. ಆಟೋದವರಿಗೂ ಅಷ್ಟು ಹೇಳಿದರೆ ಸಾಕು.

ಕುಲಸಚಿವರ (ರಿಜಿಸ್ಟ್ರಾರ್) ಕಚೇರಿ ಕೆರೆಯ ಈಚೆ, ಕ್ರಾಫರ್ಡ್ ಹಾಲ್‌ನಲ್ಲೇ ಇದೆ. ತರಗತಿ, ವಿಭಾಗ ಎಲ್ಲ ಆಚೆ. ಒಂದು ಸಹಿಗಾಗಿ ನಾನು ಬೆಳಿಗ್ಗೆ ಎಷ್ಟು ಸಲ ಕೆರೆ ಏರಿ ಮೇಲೆ ಆಚೆ ಈಚೆ ನಡೆದಿದ್ದೇನೋ! ಬೇಜಾರೇನೂ ಆಗುತ್ತಿರಲಿಲ್ಲ, ಹಕ್ಕಿಗಳು ಜಾಸ್ತಿ ಅಲ್ಲಿ.

ಕ್ಯಾಂಪಸ್ಸಿನೊಳಗೆ ಜಯಲಕ್ಷ್ಮಿವಿಲಾಸ ಅರಮನೆ ಇದೆ. ನಾಲ್ವಡಿಯವರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. ಜಾನಪದ ವಸ್ತುಸಂಗ್ರಹಾಲಯ ಇರುವುದು ಅದರಲ್ಲೇ. ನನ್ನ ಮೆಚ್ಚಿನ ಜಾಗ ಮಾತ್ರ ಗಂಗೋತ್ರಿಯಲ್ಲಿಲ್ಲ. ಅದು ಊರೊಳಗೆ ಇರುವ, ವಿಶ್ವವಿದ್ಯಾನಿಲಯದ್ದೇ ಆದ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ಜಾಗ. 1891ರಲ್ಲಿ ಶುರುವಾಗಿದ್ದು, ಅಂದರೆ ವಿಶ್ವವಿದ್ಯಾನಿಲಯಕ್ಕಿಂತ 25 ವರ್ಷ ಹಿರಿದು. ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಗಷ್ಟೇ ಉಳಿದಿದ್ದ ಕಾಲದಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ತಾಳೆಗರಿ ಪ್ರತಿಯನ್ನು ಗುರುತಿಸಿದ್ದು ಅಲ್ಲೇ. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ಅಡ್ಮಿಷನ್‌ಗೆ ಹೊರಡುವ ಮೊದಲು ಪತ್ರದಲ್ಲಿ ಯಾವ ವಿಳಾಸ ಇದೆ ನೋಡಿಕೊಳ್ಳಿ. ವಿಭಾಗದ ಹೆಸರಿದ್ದರೆ ನೇರ ಗಂಗೋತ್ರಿಗೆ ಹೋಗಿ. ಒಳಗೂ ನಡೆಯುವುದು ಜಾಸ್ತಿ ಇದೆ, ಮಗಳಿಗೆ ಒಳ್ಳೆ ಚಪ್ಪಲಿ ಹಾಕಿಕೊಂಡು ಬರಲು ಹೇಳಿ.