ಮೊದಲು ಲೈಬ್ರರಿ ಕಾರ್ಡು ಮಾಡಿಸು

ತಂಗೀ,

ನಿನ್ನ ಮೆಸೇಜು ಎರಡು ಸಲ ಓದಿದೆ. ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಸಿಕ್ಕಿದ್ದೆಯಲ್ಲ, ಆಗಲೇ ಅಂದುಕೊಂಡೆ, ಈ ಹುಡುಗಿಗೆ ಇನ್ನೂ ಇಲ್ಲಿನ ನೀರು ಒಗ್ಗಿಲ್ಲ ಅಂತ. "ಅಕ್ಕಾ, ಅವರು ಆಫೀಸಿಗೆ ಹೋದ ಮೇಲೆ ಸಂಜೆವರೆಗೂ ನಾನೊಬ್ಬಳೇ. ನಾಲ್ಕೂವರೆಗೆಲ್ಲ ಕತ್ತಲು. ಊರಲ್ಲಿ ತುಂಬ ಓದುತ್ತಿದ್ದೆ. ಇಲ್ಲಿ ಏನು ಓದಲಿ? ನೀವೀಗ ಏನು ಓದುತ್ತಿದ್ದೀರಿ? ಜನವರಿಯಲ್ಲಿ ಅತ್ತೆ ಬರುತ್ತಾರೆ, ಅವರ ಕೈಯಲ್ಲಿ ಯಾವ ಪುಸ್ತಕ ತರಿಸಲಿ?" ಅಂತ ಕೇಳಿದ್ದೀಯ. ನಾನು ಚಿಕಾಗೋ ಪಕ್ಕದ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂದ ಮೊದಲ ಡಿಸೆಂಬರಿನಲ್ಲಿ ಇದನ್ನೇ ಯಾರನ್ನಾದರೂ ಕೇಳಬೇಕಿತ್ತು. ಕೇಳೋಕೆ ಯಾರೂ ಸಿಕ್ಕಿರಲಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಪುಸ್ತಕದ ಮಾತಿಗಿಂತ ಮುಂಚೆ ಒಂದು ಕೆಲಸ. ಈ ವಾರವೇ ಹೋಗಿ ಲೈಬ್ರರಿ ಕಾರ್ಡು ಮಾಡಿಸು. ಪಾಸ್‌ಪೋರ್ಟು ಬೇಕು, ಜೊತೆಗೆ ಮನೆ ಬಾಡಿಗೆಯ ಕರಾರೋ ಕರೆಂಟು ಬಿಲ್ಲೋ ಬೇಕು, ಅದರಲ್ಲಿ ನಿನ್ನ ಹೆಸರಿರಬೇಕು. ಎಲ್ಲ ನಿಮ್ಮ ಯಜಮಾನರ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿಕೋ. ಈ ದೇಶದಲ್ಲಿ ನಿನ್ನ ಹೆಸರಿರುವ ಕಾಗದ ಎಷ್ಟು ಇದ್ದರೂ ಬೇಕಾಗುತ್ತದೆ. ಕಾರ್ಡಿಗೆ ದುಡ್ಡಿಲ್ಲ. ಇಲ್ಲಿನ ಲೈಬ್ರರಿಗಳು ನಡೆಯುವುದು ಮುಖ್ಯವಾಗಿ ಮನೆ ಕಂದಾಯದ ದುಡ್ಡಿನಲ್ಲಿ. ಬಾಡಿಗೆ ಮನೆಯವರೂ ಬಾಡಿಗೆಯ ಒಳಗೇ ಅದನ್ನು ಕಟ್ಟುತ್ತಿರುತ್ತೇವೆ. ಹಾಗಾಗಿ ಸಂಕೋಚ ಬೇಡ, ಅದು ನಿನ್ನದೇ ಜಾಗ. ಬೆಳಿಗ್ಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ನಾನು ಈ ಊರಲ್ಲಿ ಮೊದಲು ಹೆಸರು ಹಿಡಿದು ಮಾತಾಡಿಸಿದ್ದು ಅಲ್ಲಿನ ಕೌಂಟರಿನ ಹೆಂಗಸನ್ನ.

"ಅಲ್ಲಿ ಕನ್ನಡ ಪುಸ್ತಕ ಇರಲ್ಲ ಅಲ್ವಾ" ಅನ್ನುತ್ತೀಯ. ಕಪಾಟಿನಲ್ಲಿ ಇರುವುದಿಲ್ಲ, ನಿಜ. ಆದರೆ ತರಿಸಿ ಕೊಡುತ್ತಾರೆ. ಇಂಟರ್‌ಲೈಬ್ರರಿ ಲೋನ್ ಅಂತ ಒಂದು ವ್ಯವಸ್ಥೆ ಇದೆ. ನಿನ್ನ ಲೈಬ್ರರಿಯಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಊರಿನ ಲೈಬ್ರರಿಯಿಂದ, ವಿಶ್ವವಿದ್ಯಾಲಯಗಳಿಂದ ಕೂಡ, ಕೇಳಿ ತರಿಸುತ್ತಾರೆ. ಕೆಲವು ವಾರ ಕಾಯಬೇಕು, ಅಷ್ಟೆ. ನನಗೆ ಇದು ಗೊತ್ತಾಗಿದ್ದು ಬಂದು ಮೂರು ವರ್ಷದ ಮೇಲೆ.

ಹುಡುಕುವಾಗ ಒಂದು ವಿಷಯ ನೆನಪಿಟ್ಟುಕೋ. ಅವರ ಪಟ್ಟಿಯಲ್ಲಿ ಕನ್ನಡದ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಆದರೆ ನಾವು ಬರೆಯುವ ಹಾಗಲ್ಲ. 'ಜೀವ' ಅಂತ ಬರೆಯಲು ನಾವು ಎರಡು ಇ ಹಾಕುತ್ತೇವೆ. ಅವರು ಒಂದು ಐ ಹಾಕಿ ಅದರ ಮೇಲೆ ಗೆರೆ ಎಳೆದಿರುತ್ತಾರೆ. 'ಶ' ಬರೆಯಲು ನಾವು ಎಸ್ ಪಕ್ಕ ಎಚ್ ಹಾಕುತ್ತೇವೆ, ಅವರಲ್ಲಿ ಗುರುತು ಹಾಕಿದ ಎಸ್ ಮಾತ್ರ. ನಾನು ಶಿವರಾಮ ಕಾರಂತರ 'ಬೆಟ್ಟದ ಜೀವ' ಹುಡುಕಿ ಹುಡುಕಿ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಕೌಂಟರಿನ ಆ ಹೆಂಗಸು ಎರಡು ಇ ತೆಗೆದು ಒಂದು ಐ ಹಾಕಿ ನೋಡಿದರು. ಸಾಲು ಸಾಲು ಬಂತು.

ಆ ಪುಸ್ತಕ ನನ್ನ ಕೈಗೆ ಬಂದ ದಿನ ಇವತ್ತಿಗೂ ಕಣ್ಣ ಮುಂದಿದೆ. ಗಟ್ಟಿ ಬಟ್ಟೆಯ ರಟ್ಟು, ಒಳಗೆ ಹಳದಿಗಟ್ಟಿದ ಹಾಳೆ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಎರಡೇ ಎರಡು ತಾರೀಕಿನ ಮುದ್ರೆ. ಮೊದಲ ಪುಟದ ಮೂಲೆಯಲ್ಲಿ 'ಪಿ.ಎಲ್. 480' ಅಂತ ಇನ್ನೊಂದು ಮುದ್ರೆ. ಏನಿದು ಅಂತ ಕೇಳಿ ತಿಳಿದುಕೊಂಡೆ. ಅದು 1954ರಲ್ಲಿ ಅಮೆರಿಕ ಮಾಡಿದ ಕಾನೂನಿನ ನಂಬರು. ಅದರಡಿ ನಮ್ಮ ದೇಶಕ್ಕೆ ಇವರ ಗೋಧಿ ಬಂತು. ನಾವು ಅದಕ್ಕೆ ರೂಪಾಯಿಯಲ್ಲೇ ದುಡ್ಡು ಕಟ್ಟಿದೆವು. ಆ ರೂಪಾಯಿಗಳಲ್ಲಿ ಒಂದಿಷ್ಟನ್ನು 1962ರಿಂದ ಭಾರತದಲ್ಲೇ ಪುಸ್ತಕ ಕೊಳ್ಳಲು ಬಳಸಿದರು. ಇವರ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಕನ್ನಡ, ತಮಿಳು, ಬಂಗಾಳಿ, ಎಲ್ಲ ಭಾಷೆಯ ಪುಸ್ತಕ ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಚಿಕಾಗೋ ವಿಶ್ವವಿದ್ಯಾಲಯವೂ ಅದರಲ್ಲಿ ಒಂದು. ನಮ್ಮಪ್ಪ ಹಾಸನದ ಹತ್ತಿರದ ಹಳ್ಳಿ ಶಾಲೆಯಲ್ಲಿ ಕೇರ್ ಅನ್ನುವ ಅಮೆರಿಕದ ಸಂಸ್ಥೆ ಕೊಡುತ್ತಿದ್ದ ಉಪ್ಪಿಟ್ಟು ತಿಂದವರು. ಅಮೆರಿಕದ ಆ ಹಳದಿ ರವೆಯ ರುಚಿ ಇನ್ನೂ ನಾಲಿಗೆಯಲ್ಲಿದೆ ಅನ್ನುತ್ತಿದ್ದರು. ಅತ್ತ ಕಾಳು ಹೋದ ಕಾಲದಲ್ಲೇ ಇತ್ತ ಕಾರಂತರು ಬಂದಿದ್ದಾರೆ, ಬಂದು ನಲವತ್ತು ವರ್ಷ ಕಪಾಟಿನಲ್ಲಿ ಕೂತು ನನಗೆ ಕಾದಿದ್ದಾರೆ ಅನ್ನಿಸಿತು. ಪುಸ್ತಕವನ್ನು ಕೋಟಿನ ಒಳಗೆ ಇಟ್ಟುಕೊಂಡು ಹಿಮದಲ್ಲಿ ಮನೆಗೆ ನಡೆದುಕೊಂಡು ಬಂದೆ.

'ಬೆಟ್ಟದ ಜೀವ' ನಾನು ಪಿಯುಸಿಯಲ್ಲೇ ಓದಿದ್ದೆ. 1943ರ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯನವರ ಮನೆ ಸೇರುತ್ತಾನೆ. ಗೋಪಾಲಯ್ಯ, ಶಂಕರಮ್ಮ, ವಯಸ್ಸಾದ ಗಂಡ ಹೆಂಡತಿ. ಬಂದವನನ್ನು ಬಿಡುವುದೇ ಇಲ್ಲ, ಉಪಚಾರವೋ ಉಪಚಾರ. ಆಗ ನನ್ನ ಮನಸ್ಸಿನಲ್ಲಿ ಉಳಿದದ್ದು ಕಾಡು, ಮಳೆ, ಅಡಿಕೆ ತೋಟ, ಆ ಮುದುಕರ ಹುಮ್ಮಸ್ಸು. ಅವರಿಗೆ ಶಂಭು ಅಂತ ಒಬ್ಬ ಮಗ ಇದ್ದಾನೆ, ಮನೆ ಬಿಟ್ಟು ಹೋದವನು ತಿರುಗಿ ಬಂದಿಲ್ಲ ಅನ್ನುವುದು ಕಥೆಯಲ್ಲಿ ಒಂದು ಸಂಗತಿ, ಅಷ್ಟೇ ಆಗಿತ್ತು.

ಇಲ್ಲಿ ಕೂತು ಓದಿದಾಗ ಕಾಡೂ ಕಾಣಲಿಲ್ಲ, ತೋಟವೂ ಕಾಣಲಿಲ್ಲ. ಪ್ರತಿ ಪುಟದಲ್ಲೂ ಶಂಭು. ಶಂಕರಮ್ಮ ಬಂದವನಿಗೆ ಬಡಿಸುತ್ತಿದ್ದರೆ, ಈಕೆ ಯಾರಿಗೆ ಬಡಿಸುತ್ತಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಮನೆಗೆ ಯಾವ ಹುಡುಗಿ ಬಂದರೂ ಅಮ್ಮ ಎರಡು ಹೋಳಿಗೆ ಜಾಸ್ತಿ ಹಾಕುತ್ತಾಳೆ ಅಂತ ತಮ್ಮ ಹೇಳುತ್ತಿದ್ದ. ಪುಸ್ತಕ ಮುಗಿದಾಗ ಇಲ್ಲಿ ಸಂಜೆ ಐದೂವರೆ, ಕತ್ತಲಾಗಿತ್ತು. ಅಲ್ಲಿ ಬೆಳಗಿನ ಜಾವ ಐದು. ಫೋನ್ ಮಾಡಿದೆ. "ಏನಾಯ್ತೇ?" ಅಂದಳು ಅಮ್ಮ, ಗಾಬರಿಯಿಂದ. "ಏನಿಲ್ಲಮ್ಮ, ಸುಮ್ನೆ" ಅಂದೆ. ಅವಳೂ ಮತ್ತೆ ಕೇಳಲಿಲ್ಲ. ಒಲೆ ಮೇಲೆ ನೀರಿಡುವ ಸದ್ದು ಕೇಳುತ್ತಾ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು.

ಅದಕ್ಕೇ ಹೇಳುತ್ತೇನೆ, ಊರಲ್ಲಿ ಓದಿದ ಪುಸ್ತಕ ಅಂತ ಯಾವುದನ್ನೂ ಪಕ್ಕಕ್ಕಿಡಬೇಡ. ಇಲ್ಲಿ ಓದು. ಅದು ಬೇರೆಯೇ ಪುಸ್ತಕ.

ಅತ್ತೆಯ ಕೈಯಲ್ಲಿ ತರಿಸುವುದಕ್ಕೆ. ಪೆಟ್ಟಿಗೆಗೆ 23 ಕೆಜಿ, ಅದರಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ ಬೇರೆ. ಹಾಗಾಗಿ ನಾಲ್ಕೈದೇ ಕೇಳು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇರಲಿ. ದಪ್ಪ ಪುಸ್ತಕ, ಒಂದು ಚಳಿಗಾಲಕ್ಕೆ ಸಾಕು. ಮೊದಲ ನೂರು ಪುಟದಲ್ಲಿ ಹೆಸರುಗಳು, ಮನೆಗಳು ಗೋಜಲಾಗುತ್ತವೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೋ. ಆಮೇಲೆ ಗುತ್ತಿ ಮತ್ತು ಅವನ ನಾಯಿ ಹುಲಿಯ ನಿನ್ನನ್ನು ಕೈಹಿಡಿದು ನಡೆಸುತ್ತಾರೆ. ತೇಜಸ್ವಿಯವರ 'ಕರ್ವಾಲೊ' ತೆಳ್ಳಗಿದೆ, ಮನಸ್ಸು ಕುಗ್ಗಿದ ದಿನ ಒಂದೇ ಸಲಕ್ಕೆ ಓದಿ ಮುಗಿಸಬಹುದು. ಜಯಂತ ಕಾಯ್ಕಿಣಿಯವರ ಕಥೆಗಳು ಬೇಕೇ ಬೇಕು. ಗೋಕರ್ಣದಿಂದ ಮುಂಬೈಗೆ ಹೋದವರು ಅವರು. ಒಂದು ಕೋಣೆಯಲ್ಲಿ, ಒಂದು ರೈಲಿನಲ್ಲಿ, ಸಂಬಂಧವೇ ಇಲ್ಲದವರು ಒಬ್ಬರಿಗೊಬ್ಬರು ಹೇಗೆ ಆಗಿಬರುತ್ತಾರೆ ಅಂತ ಅವರಷ್ಟು ಅಕ್ಕರೆಯಿಂದ ಬರೆದವರು ಕಡಿಮೆ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಕೂತು ಓದಬೇಕಾದ್ದು ಅದು. ವೈದೇಹಿಯವರದು ಯಾವುದಾದರೂ ಒಂದು ಕಥಾಸಂಕಲನ ಇರಲಿ. ಅಡುಗೆಮನೆ ಮಾತು, ಹಿತ್ತಲ ಮಾತು ಕಿವಿಗೆ ಬೀಳುತ್ತದೆ. 'ಅಮೆರಿಕಾದಲ್ಲಿ ಗೊರೂರು' ನನ್ನ ಹತ್ತಿರವೇ ಇದೆ, ಕೊಡುತ್ತೇನೆ. ಹಳ್ಳಿಯ ಕಣ್ಣಿನಿಂದ ಈ ದೇಶ ನೋಡಿದ ಪುಸ್ತಕ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಸ ಪುಸ್ತಕಗಳಿಗೆ ಪೆಟ್ಟಿಗೆ ಬೇಡ. ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕ, ಕೇಳುವ ಪುಸ್ತಕ ಎರಡೂ ಸಿಗುತ್ತವೆ. ಪಾತ್ರೆ ತೊಳೆಯುವಾಗ ನಾನು ಕೇಳುವುದು ಅದನ್ನೇ.

ಈಗ ಇನ್ನೊಂದು ಮಾತು, ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಬರೀ ಕನ್ನಡ ಓದಿಕೊಂಡು ಒಳಗೇ ಕೂರಬೇಡ. ನಾನು ಮೊದಲ ಎರಡು ವರ್ಷ ಅದನ್ನೇ ಮಾಡಿದೆ. ಪುಸ್ತಕ ಮುಚ್ಚಿದಾಗೆಲ್ಲ ಕಿಟಕಿಯ ಹೊರಗಿನ ಊರು ಇನ್ನೂ ಅಪರಿಚಿತ ಆಗುತ್ತಿತ್ತು. ಈ ನೆಲದ ಪುಸ್ತಕ ಒಂದು, ನಮ್ಮ ನೆಲದ್ದು ಒಂದು, ಎರಡೂ ಮಂಚದ ಪಕ್ಕ ಇರಲಿ.

ಇಲ್ಲಿಯದ್ದರಲ್ಲಿ ಮೊದಲು 'ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್' ಓದು. ಸಾಂಡ್ರಾ ಸಿಸ್ನೆರೊಸ್ ಬರೆದದ್ದು, 1984ರಲ್ಲಿ ಬಂತು. ಚಿಕಾಗೋದ ಲ್ಯಾಟಿನೊ ಬೀದಿಯೊಂದರಲ್ಲಿ ಬೆಳೆಯುವ ಎಸ್ಪೆರಾನ್ಸಾ ಅನ್ನುವ ಹುಡುಗಿಯ ಕಥೆ. ಒಂದೊಂದು ಅಧ್ಯಾಯ ಒಂದೆರಡು ಪುಟ, ಇಂಗ್ಲಿಷು ತಿಳಿಯಾಗಿದೆ. ತನ್ನ ಹೆಸರನ್ನು ಶಾಲೆಯಲ್ಲಿ ಬೇರೆಯವರು ಹೇಗೆ ಉಚ್ಚರಿಸುತ್ತಾರೆ ಅಂತ ಅವಳು ಹೇಳುವ ಜಾಗ ಬಂದಾಗ ನಿನಗೂ ನಿನ್ನ ಹೆಸರು ನೆನಪಾಗುತ್ತದೆ.

ಅದಾದ ಮೇಲೆ ಇಸಬೆಲ್ ವಿಲ್ಕರ್ಸನ್ ಅವರ 'ದಿ ವಾರ್ಮ್ತ್ ಆಫ್ ಅದರ್ ಸನ್ಸ್'. 2010ರ ಪುಸ್ತಕ, ದೊಡ್ಡದು, ಕಥೆಯಲ್ಲ, ನಡೆದದ್ದು. ದಕ್ಷಿಣದ ರಾಜ್ಯಗಳಲ್ಲಿ ಬದುಕಲಾಗದೆ ಅರವತ್ತು ಲಕ್ಷದಷ್ಟು ಕಪ್ಪು ಜನ ಉತ್ತರಕ್ಕೂ ಪಶ್ಚಿಮಕ್ಕೂ ವಲಸೆ ಬಂದರು, 1970ರವರೆಗೂ ಬರುತ್ತಲೇ ಇದ್ದರು. ಅದರಲ್ಲಿ ಮೂವರ ಬದುಕು ಹಿಡಿದು ಬರೆದಿದ್ದಾರೆ. ಐಡಾ ಮೇ ಅನ್ನುವಾಕೆ 1937ರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಹೊರಟು ಕೊನೆಗೆ ನಮ್ಮ ಚಿಕಾಗೋ ಸೇರುತ್ತಾಳೆ. ಇದನ್ನು ಓದುವವರೆಗೂ ವಲಸೆ ಬಂದವರು ಅಂದರೆ ವಿಮಾನದಲ್ಲಿ ಬಂದ ನಾವು ಅಂದುಕೊಂಡಿದ್ದೆ. ನಗರದ ದಕ್ಷಿಣ ಭಾಗದ ಬಗ್ಗೆ ನಮ್ಮವರು ಅಲ್ಲಿ ಇಲ್ಲಿ ಆಡುವ ಮಾತು ನಿನ್ನ ಕಿವಿಗೂ ಬಿದ್ದಿರಬಹುದು. ಆ ಮಾತು ನಂಬುವ ಮೊದಲು ಈ ಪುಸ್ತಕ ಓದು.

ಚಿಕಾಗೋ ಅಂದಮೇಲೆ ಎ.ಕೆ. ರಾಮಾನುಜನ್ ಅವರನ್ನು ಬಿಡೋಕಾಗುತ್ತಾ? ಮೈಸೂರಿನವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಪಾಠ ಮಾಡಿದರು, 1993ರಲ್ಲಿ ಇಲ್ಲೇ ತೀರಿಕೊಂಡರು. ವಚನಗಳನ್ನು ಇಂಗ್ಲಿಷಿಗೆ ತಂದ ಅವರ 'ಸ್ಪೀಕಿಂಗ್ ಆಫ್ ಶಿವ' 1973ರದ್ದು. ಬಸವಣ್ಣ ಯಾರು ಅಂತ ಇಲ್ಲಿಯ ಗೆಳತಿ ಕೇಳಿದರೆ ಕೈಗೆ ಕೊಡೋಕೆ ಅದೊಂದು ಮನೆಯಲ್ಲಿರಲಿ.

ನಾನೀಗ ಓದುತ್ತಿರುವುದು ಬಾನು ಮುಷ್ತಾಕ್ ಅವರ ಕಥೆಗಳನ್ನು, ಮತ್ತೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಕ್ಕ ಪಕ್ಕ ಇಟ್ಟುಕೊಂಡು. ದೀಪಾ ಭಾಸ್ತಿ ಮಾಡಿದ ಅನುವಾದ 'ಹಾರ್ಟ್ ಲ್ಯಾಂಪ್' 2025ರ ಇಂಟರ್‌ನ್ಯಾಷನಲ್ ಬುಕರ್ ಗೆದ್ದ ದಿನ ನಾನು ಅಡುಗೆಮನೆಯಲ್ಲಿ ನಿಂತೇ ಅತ್ತೆ. ಕನ್ನಡಕ್ಕೆ ಅದು ಮೊದಲ ಸಲ. ದೀಪಾ ಅವರು ನಮ್ಮ ಪದಗಳನ್ನು ಹಾಗೇ ಬಿಟ್ಟಿದ್ದಾರೆ, ಅಡಿಟಿಪ್ಪಣಿ ಇಲ್ಲ. ನಮ್ಮ ಲೈಬ್ರರಿಯ ಓದುಗರ ಗುಂಪಿನಲ್ಲಿ ಈ ಪುಸ್ತಕ ತೆಗೆದುಕೊಂಡಿದ್ದೇವೆ. ಎಂಟು ಜನ, ಹೆಚ್ಚಿನವರು ನಿವೃತ್ತರು. ಗೋಬಿ ಮಂಚೂರಿಗೆ ಮನಸೋತ ಅರೇಬಿಕ್ ಮೇಷ್ಟ್ರ ಕಥೆ ಓದಿದ ಎಂಬತ್ತು ವರ್ಷದ ಅಜ್ಜಿಯೊಬ್ಬರು ಅದೇನು ತಿಂಡಿ ಅಂತ ಕೇಳಿದರು. ಮುಂದಿನ ವಾರ ಒಂದು ಡಬ್ಬಿ ಮಾಡಿಕೊಂಡು ಹೋದೆ. ಅವರು ಒಂದು ತುಂಡು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತೆಗೆದುಕೊಂಡು, "ಆ ಹೆಂಡತಿಯ ಕಷ್ಟ ಈಗ ಪೂರ್ತಿ ಅರ್ಥವಾಯಿತು" ಅಂದರು. ಆ ಕಥೆಯ ಬಗ್ಗೆ ಆಮೇಲೆ ಒಂದು ಗಂಟೆ ಮಾತಾಡಿದೆವು. ಮದುವೆ, ಅತ್ತೆ ಮನೆ, ಅವರ ತಾಯಿ, ನನ್ನ ತಾಯಿ, ಎಲ್ಲ ಬಂತು. ಈ ದೇಶದಲ್ಲಿ ನನಗೆ ಸಿಕ್ಕ ಗೆಳೆತನಗಳಲ್ಲಿ ಅರ್ಧ ಹೀಗೇ ಶುರುವಾದವು.

ಇನ್ನೊಂದು ಓದು ಇದೆ, ಅದು ಅಮ್ಮನ ಜೊತೆ. ಅವಳ ಕಣ್ಣು ಮಂಜಾಗಿದೆ. ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ ಫೋನಿನಲ್ಲಿ ಹತ್ತು ಪುಟ ಗಟ್ಟಿಯಾಗಿ ಓದುತ್ತೇನೆ, ಅಲ್ಲಿ ಭಾನುವಾರ ಬೆಳಿಗ್ಗೆ ಎಂಟು. ಈಗ 'ಕರ್ವಾಲೊ' ನಡೆಯುತ್ತಿದೆ. ಮಂದಣ್ಣ ಬಂದಾಗೆಲ್ಲ ನಗುತ್ತಾಳೆ. ನೀನೂ ಹೀಗೆ ಮಾಡಿ ನೋಡು. ಅಮ್ಮನ ಜೊತೆ ದಿನಾ ಊಟ ಆಯ್ತಾ, ಚಳಿ ಹೇಗಿದೆ ಅನ್ನುವುದರ ಆಚೆ ಮಾತು ಸಿಗುತ್ತದೆ. 'ಬೆಟ್ಟದ ಜೀವ' ಮಾತ್ರ ಅವಳಿಗೆ ಓದಲು ಇನ್ನೂ ಧೈರ್ಯ ಬಂದಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಬಾಡಿಗೆ ಕರಾರು, ಪಾಸ್‌ಪೋರ್ಟು ತೆಗೆದಿಟ್ಟಿರು. ಬೆಚ್ಚಗೆ ಹಾಕಿಕೊಂಡು ಬಾ, ಆ ಕಿಟಕಿ ಪಕ್ಕದ ಕುರ್ಚಿಯ ಹತ್ತಿರ ಸ್ವಲ್ಪ ಗಾಳಿ ನುಗ್ಗುತ್ತದೆ. ಗೊರೂರರನ್ನು ಕಾರಿನಲ್ಲೇ ಇಟ್ಟಿದ್ದೇನೆ.