ನಿಧಾನವಾಗಿ ಓಡಿದ ಎಂಜಿನ್ ಸವೆಯುವುದಿಲ್ಲವೆಂದು ನಾನೂ ನಂಬಿದ್ದೆ

ಅಳಿವೆಯಲ್ಲಿ ಲಂಗರು ಹಾಕಿದ ದೋಣಿಯ ಡೀಸೆಲ್ ಎಂಜಿನ್ನನ್ನು ಬ್ಯಾಟರಿ ಚಾರ್ಜಿಗಾಗಿ ದಿನವೂ ಮೂರು ಗಂಟೆ ನ್ಯೂಟ್ರಲ್‌ನಲ್ಲಿ ಓಡಿಸುತ್ತೀರಿ, ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಇಟ್ಟರೆ ಸವೆತ ಕಡಿಮೆ ಎಂದು ಕೇಳಿದ್ದೀರಿ. ನನಗೆ ದೋಣಿಯಿಲ್ಲ, ಇರುವುದು ಮಡಿಕೇರಿ ತಾಲ್ಲೂಕಿನಲ್ಲಿ ಕಾಫಿ ತೋಟ ಮತ್ತು ಅದರ ಜನರೇಟರ್. ಆದರೆ ಇದೇ ಕೆಲಸವನ್ನು ಎರಡು ಮಳೆಗಾಲ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೂ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಮೋಟಾರಿಗೂ ಆಗಲೆಂದು 25 ಕೆವಿಎ ಯಂತ್ರ ತಂದಿದ್ದೆ. ಅದು ಸುಮಾರು 20 ಕಿಲೋವಾಟ್ ಕೊಡಬಲ್ಲದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಅದರಿಂದಲೇ ಮನೆಯ ದೀಪ, ಫ್ರಿಜ್ ನಡೆಸಿದೆ. ಎಲ್ಲ ಸೇರಿ ಒಂದು ಕಿಲೋವಾಟ್ ಇರಲಿಲ್ಲ.

ಸೈಲೆನ್ಸರಿನ ಜೋಡಣೆಯಿಂದ ಶೆಡ್ಡಿನ ಸುಣ್ಣದ ಗೋಡೆಗೆ ಕಪ್ಪು, ಜಿಡ್ಡು ಹನಿ ಸಿಡಿಯತೊಡಗಿತು. ಮಳೆನೀರು ಮಸಿಯೊಡನೆ ಇಳಿಯುತ್ತಿದೆ ಎಂದುಕೊಂಡು ಕೊಳವೆಗೆ ತಗಡಿನ ಟೋಪಿ ಹಾಕಿಸಿದೆ. ಆಯಿಲ್ ನೋಡಲಿಲ್ಲವೆಂದಲ್ಲ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದೆ, ಮಟ್ಟ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನಾನು ಕೆಟ್ಟದ್ದು ಅಲ್ಲಿಯೇ. ಆಯಿಲ್ ಉರಿದುಹೋಗುತ್ತಿತ್ತು, ಹೋದ ಜಾಗವನ್ನು ಉರಿಯದ ಡೀಸೆಲ್ ಕೆಳಗಿಳಿದು ತುಂಬುತ್ತಿತ್ತು, ನಾನು ಮಾತ್ರ ಗೆರೆ ನೋಡಿ ನೆಮ್ಮದಿಯಿಂದಿದ್ದೆ. ಕಡ್ಡಿಯನ್ನು ಒಮ್ಮೆ ಮೂಗಿಗೆ ಹಿಡಿದಿದ್ದರೆ ವಾಸನೆಯಿಂದಲೇ ತಿಳಿಯುತ್ತಿತ್ತು. ಎರಡು ಬೆರಳಿನ ನಡುವೆ ತಿಕ್ಕಿದ್ದರೂ ತಿಳಿಯುತ್ತಿತ್ತು, ನೀರಿನಂತೆ ತೆಳುವಾಗಿತ್ತು.

ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕಿದರೆ ಬರೀ ನೀಲಿ ಹೊಗೆ, ಎಳೆಯುವ ಶಕ್ತಿಯೇ ಇಲ್ಲ. ಮೊಗ್ಗು ನಮಗಾಗಿ ಕಾಯುವುದಿಲ್ಲವಾದ್ದರಿಂದ ಬಾಡಿಗೆ ಪಂಪು ತರಬೇಕಾಯಿತು. ಎಂಜಿನ್ ಬಿಚ್ಚಿದ ಮೇಸ್ತ್ರಿ ಲೈನರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಯ ಮೇಲೆ ಉಗುರು ಎಳೆದು ತೋರಿಸಿದರು. ಆಯಿಲ್ ಹಿಡಿದಿಡುವ ಸಣ್ಣ ಗೀರುಗಳೆಲ್ಲ ಮುಚ್ಚಿ ಒಳಗೋಡೆ ಕನ್ನಡಿಯಾಗಿತ್ತು. ಪಿಸ್ಟನ್ ರಿಂಗುಗಳನ್ನು ಲೈನರಿಗೆ ಒತ್ತಿ ಹಿಡಿಯುವುದು ಮುಖ್ಯವಾಗಿ ಉರಿದ ಅನಿಲದ ಒತ್ತಡ. ಎಂಜಿನ್ನಿಗೆ ಭಾರ, ಅಂದರೆ ದುಡಿಯುವ ಕೆಲಸ, ಇಲ್ಲದಿದ್ದರೆ ಆ ಒತ್ತಡವೂ ಇಲ್ಲ, ಡೀಸೆಲ್ ಪೂರ್ತಿ ಉರಿಯಲು ಬೇಕಾದ ಶಾಖವೂ ಇಲ್ಲ, ಉಳಿದದ್ದು ಮಸಿಯೊಡನೆ ಸೈಲೆನ್ಸರಿನಿಂದ ಕಪ್ಪು ಹನಿಯಾಗಿ ಸಿಡಿಯುತ್ತದೆ, ಲೈನರಿನ ಒಳಗೋಡೆಗೂ ಮೆರುಗೆಣ್ಣೆಯಂತೆ ಅಂಟುತ್ತದೆ. ಹೋನಿಂಗ್ ಮಾಡಿಸಿ, ಅಂದರೆ ಒಳಗೋಡೆಯನ್ನು ಉಜ್ಜಿ ಗೀರುಗಳನ್ನು ಮತ್ತೆ ಮೂಡಿಸಿ, ಹೊಸ ರಿಂಗು ಹಾಕಿಸದೆ ಅದು ಸರಿಯಾಗಲಿಲ್ಲ.

ಆದ್ದರಿಂದ ಆರ್‌ಪಿಎಂ ಕೇಳುವುದೇ ತಪ್ಪು. ನ್ಯೂಟ್ರಲ್‌ನಲ್ಲಿ ಎಷ್ಟೇ ವೇಗವಿಟ್ಟರೂ ಆಲ್ಟರ್ನೇಟರ್ ಎಳೆಯುವ ಅಲ್ಪ ಭಾರದ ಹೊರತು ಎಂಜಿನ್ನಿಗೆ ಕೆಲಸವಿಲ್ಲ. ಗೇರಿನಲ್ಲಿ ನಿಧಾನ ಹೋದರೂ ಹೆಚ್ಚು ವ್ಯತ್ಯಾಸವಿಲ್ಲ, ಏಕೆಂದರೆ ಪ್ರೊಪೆಲ್ಲರಿನ ವೇಗ ಅರ್ಧವಾದರೆ ಅದಕ್ಕೆ ಬೇಕಾದ ಶಕ್ತಿ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಬ್ಯಾಟರಿಗೆ ಸೋಲಾರ್ ಫಲಕ ಹಾಕಿಸಿ. ದೋಣಿ ಹೊರಟ ದಿನ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅರ್ಧ ಗಂಟೆಯಾದರೂ ಮುಕ್ಕಾಲು ಭಾರದಲ್ಲಿ ದುಡಿಸಿ. ಮಸಿಯೇನೋ ಉರಿದುಹೋದೀತು, ಕನ್ನಡಿಯಾದ ಲೈನರ್ ಮಾತ್ರ ಅದರಿಂದ ಸರಿಹೋಗದು. ನಮ್ಮ ಮನೆಯ ದೀಪಗಳು ಈಗ ಇನ್ವರ್ಟರಿನಲ್ಲಿ ಉರಿಯುತ್ತವೆ, ದೊಡ್ಡ ಯಂತ್ರ ಪಲ್ಪರ್‌ಗೆ, ಸ್ಪ್ರಿಂಕ್ಲರಿಗೆ ಮಾತ್ರ ಎದ್ದೇಳುತ್ತದೆ.